ಮೂರನೆಯ ನಂಬರ್ ಪ್ಲೇಟೂ ನನ್ನ ಗಂಡನ ಸೈಕಲ್ಲೂ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಕಾರಿನ ಹಿಂದೆ ಸೈಕಲ್ ಒಯ್ಯುವ ರ‍್ಯಾಕಿಗೆ ನಂಬರ್ ಪ್ಲೇಟ್ ಹಾಕಬೇಕೋ, ಹಾಕಬಾರದೋ? ಹಾಕದಿದ್ದಾಗ ದಂಡ ವಿಧಿಸಿದಿರಿ. ಹಾಕಿದಾಗ ಜಪ್ತಿ ಮಾಡಿದಿರಿ. ಇವೆರಡರ ನಡುವೆ ಇನ್ನೊಂದು ದಾರಿ ತಮ್ಮ ಜ್ಞಾನಭಂಡಾರದಲ್ಲಿ ಇದ್ದರೆ ದಯಪಾಲಿಸಿ. ಇದೇ ಪ್ರಶ್ನೆಯನ್ನು ಮರಾಠಿಯಲ್ಲಿ ಬರೆದು ಕೊಟ್ಟಾಯಿತು. ಈಗ ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಸಿಟ್ಟು ಸರಿಯಾಗಿ ಬರುವುದು ಕನ್ನಡದಲ್ಲೇ. ಅನುವಾದದ ತಲೆನೋವು ಈ ಸಲ ತಮ್ಮ ಕಚೇರಿಯದ್ದಾಗಲಿ.

ನನ್ನ ಗಂಡ ಮೋಹನದಾಸ ವಾಶಿಯ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ಮ್ಯಾನೇಜರಾಗಿದ್ದವರು. ಆರು ವರ್ಷದ ಹಿಂದೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋದವು. ದಿನಕ್ಕೆ ಸಾವಿರ ಜನರೊಡನೆ ಮಾತಾಡುತ್ತಿದ್ದ ಮನುಷ್ಯ ಠಾಕುರ್ಲಿಯ ಫ್ಲ್ಯಾಟಿನಲ್ಲಿ ಒಂದೇ ಕುರ್ಚಿ ಹಿಡಿದು ಕೂತುಬಿಟ್ಟರು. ಕೆಳಗೆ ಇಳಿಯೋಣ ಎಂದರೆ, ಕೈ ಹಿಡಿಸಿಕೊಂಡು ಎಲ್ಲಿಗೆ ಹೋಗುವುದು ಎನ್ನುತ್ತಿದ್ದರು. ಎರಡು ವರ್ಷ ಹೀಗೇ ಕಳೆದ ಮೇಲೆ ನಾನು ಇಬ್ಬರು ಒಟ್ಟಿಗೆ ತುಳಿಯುವ ಜೋಡಿ ಸೈಕಲ್ ತರಿಸಿದೆ. ಮುಂದೆ ನಾನು, ಹಿಂದೆ ಅವರು. ಪ್ರತಿ ಭಾನುವಾರ ಬೆಳಿಗ್ಗೆ ನೆರೂಳಿನ ಅಗಲ ರಸ್ತೆಯಲ್ಲಿ ಎರಡು ಗಂಟೆ ಸವಾರಿ. ಹಿಂದಿನಿಂದ ಅವರ ಮಾತು ನಿಲ್ಲುವುದೇ ಇಲ್ಲ. ಇಲ್ಲಿ ಯಾರೋ ಸಾಂಬಾರಿಗೆ ಒಗ್ಗರಣೆ ಹಾಕಿದರು, ಹಿಂಗು ಜಾಸ್ತಿಯಾಯಿತು ಎಂದು ತೀರ್ಪು ಬೇರೆ. ಆ ಎರಡು ಗಂಟೆ ಅವರು ಯಾರ ಕೈಯನ್ನೂ ಹಿಡಿದಿರುವುದಿಲ್ಲ.

ಠಾಕುರ್ಲಿಯಲ್ಲೇ ತುಳಿಯಬಾರದೇ ಎಂದು ಕೇಳಬೇಡಿ. ನಮ್ಮ ರಸ್ತೆಗಳನ್ನು ತಾವು ಕಾರಿನ ಕಿಟಕಿಯಿಂದಾದರೂ ನೋಡಿರಬೇಕು. ಲೋಕಲ್ ರೈಲಿನಲ್ಲಿ ಎಂಟು ಅಡಿ ಸೈಕಲ್ ಹತ್ತಿಸುತ್ತೇನೆಂದರೆ ಸಹಪ್ರಯಾಣಿಕರು ನನ್ನನ್ನೇ ಕೆಳಗಿಳಿಸುತ್ತಾರೆ. ಆದ್ದರಿಂದ ಕಾರಿನಲ್ಲೇ ಒಯ್ಯಬೇಕು. ಕಾರಿನ ಚಾವಣಿಯ ಮೇಲೆ ಏರಿಸಲು ನನ್ನ ಐದಡಿ ಎತ್ತರವೂ ಐವತ್ತೊಂಬತ್ತರ ಬೆನ್ನೂ ಒಪ್ಪಲಿಲ್ಲ. ಡಿಕ್ಕಿಯ ಬಾಗಿಲಿಗೆ ಬೆಲ್ಟಿನಿಂದ ಕಟ್ಟುವ ರ‍್ಯಾಕು ತಂದೆ. ಅದರಲ್ಲೇ ಮೂರು ವರ್ಷ ಹೇಗೋ ಸಾಗಿತು. ಒಂದು ಭಾನುವಾರ ದಾರಿಯ ಶಿಳ್‌ಫಾಟಾ ದಾಟುವಷ್ಟರಲ್ಲಿ ಬೆಲ್ಟು ಸಡಿಲಿ ಸೈಕಲ್ಲಿನ ಹಿಂಭಾಗ ರಸ್ತೆಗೆ ಉಜ್ಜಿತು. ಹಿಂದೆ ಬರುತ್ತಿದ್ದ ಬೈಕಿನವನು ಬಚಾವಾದದ್ದು ಅವನ ಪುಣ್ಯ. ಅದರ ಸಹವಾಸ ಅಂದಿಗೇ ಮುಗಿಯಿತು.

ಆಮೇಲೆ ಕಲ್ಯಾಣದಲ್ಲಿ ಗ್ಯಾರೇಜು ಇಟ್ಟಿರುವ ಕಲಬುರಗಿಯ ದಿಲೀಪನ ಬಳಿ ಹೋದೆ. ಇಂಥದ್ದಕ್ಕೆ ಟೋಬಾರ್ ರ‍್ಯಾಕೇ ಸರಿ ಎಂದ. ಕಾರಿನ ಅಡಿಯ ಉಕ್ಕಿನ ಚೌಕಟ್ಟಿಗೆ ಬೋಲ್ಟು ಬಿಗಿದು ಕೂರಿಸುವ ಕಬ್ಬಿಣದ ತೋಳು, ಅದರ ಮೇಲೆ ರ‍್ಯಾಕು. ಸೊಂಟದ ಎತ್ತರ ಎತ್ತಿದರೆ ಸಾಕು. ಎರಡೂ ಚಕ್ರ ಬಿಚ್ಚಿ ಒಳಗಿಟ್ಟರೆ ಉಳಿದ ಚೌಕಟ್ಟು ಕಾರಿನ ಅಗಲ ಮೀರುವುದಿಲ್ಲ ಎಂದು ಟೇಪು ಹಿಡಿದು ಅಳೆದೂ ತೋರಿಸಿದ. ಮೂರು ವಾರ ವಿಚಾರಿಸಿ, ನೋಡಿ, ಅಲುಗಾಡಿಸಿ ಆರಿಸಿದೆ. ಮದುವೆಗೆ ಗಂಡನನ್ನು ನೋಡುವಾಗಲೂ ನಾನು ಇಷ್ಟು ಪರೀಕ್ಷೆ ಮಾಡಿರಲಿಲ್ಲ.

ಮೊದಲ ಭಾನುವಾರವೇ ತಮ್ಮವರು ರಸ್ತೆಯಲ್ಲಿ ತಡೆದರು. ರ‍್ಯಾಕು ಕಾರಿನ ಹಿಂದಿನ ನಂಬರನ್ನು ಮುಚ್ಚುತ್ತದೆ ಎಂದು ದಂಡ. ಮಾತು ನ್ಯಾಯವಾದದ್ದು, ಒಪ್ಪಿದೆ. ದಿಲೀಪ ಮಾತ್ರ ತಲೆ ಅಲ್ಲಾಡಿಸಿ, "ಅಕ್ಕಾರ, ಮುಂದಿನ ವಾರ ಬ್ಯಾರೆ ದಾರಿ ಹಿಡದು ಹೋಗ್ರಿ. ಆಫೀಸಿಗಿ ಮಾತ್ರ ಹೋಗಬ್ಯಾಡ್ರಿ" ಅಂದ.

ಹೋದೆ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳು ನಾನು. ಕೌಂಟರಿನಲ್ಲಿ ಆಡಿದ ಮಾತಿಗೆ ಬೆಲೆಯಿದೆ ಎಂಬ ಮೂಢನಂಬಿಕೆ ನನ್ನಂಥವರಿಗೆ ಇನ್ನೂ ಇದೆ. ತಮ್ಮ ಮೂರನೇ ಕಿಟಕಿಯವರು ಫೈಲಿನಿಂದ ತಲೆ ಎತ್ತದೆ, ರ‍್ಯಾಕಿನ ಮೇಲೆ ಇನ್ನೊಂದು ಪ್ಲೇಟ್ ಹಾಕಿಸಿಕೊಳ್ಳಿ ಎಂದರು. ಪ್ಲೇಟ್ ಮಾಡುವಲ್ಲಿಗೆ ಹೋದರೆ, ಒಂದು ಕಾರಿಗೆ ಎರಡೇ, ಮೂರನೆಯದು ಸಿಗದು ಎಂದರು. ಮರಳಿ ಕಿಟಕಿಗೆ ಬಂದೆ. ಎಲ್ಲಾದರೂ ಬರೆಸಿಕೊಳ್ಳಿ ತಾಯಿ ಎಂದು ಅಪ್ಪಣೆಯಾಯಿತು. ಪೇಂಟರನಿಂದ ಬರೆಸಿ, ಮೇಲೊಂದು ಬಲ್ಬು ಹಾಕಿಸಿದೆ. ಮುಂದಿನ ಭಾನುವಾರ ತಮ್ಮದೇ ತನಿಖಾ ದಳದವರು ನಕಲಿ ಪ್ಲೇಟ್ ಎಂದು ಪ್ಲೇಟನ್ನೂ ರ‍್ಯಾಕನ್ನೂ ಕಳಚಿ ಒಯ್ದರು. ನನ್ನದೇ ಕಾರಿನ ನಂಬರನ್ನು ನನ್ನದೇ ಕಾರಿನ ಹಿಂದೆ ಬರೆಸಿಕೊಂಡು ನಾನು ಯಾರನ್ನು ವಂಚಿಸಿದೆ ಸ್ವಾಮಿ? ಸೈಕಲ್ಲನ್ನೇ? ಕಿಟಕಿಯವರು ಹೇಳಿದ್ದು ಸುಳ್ಳೆಂದಾದರೆ ಅವರಿಗೆ ಯಾವ ದಂಡ?

ಇನ್ನು ಮುಖ್ಯ ಸಂಗತಿ. ಇಷ್ಟೆಲ್ಲ ವಿವರಿಸಿ, ಗಂಡನ ವಿಷಯವನ್ನೂ ಬರೆದು ಅರ್ಜಿ ಕೊಟ್ಟೆ. ನಲವತ್ತು ದಿನದ ಮೇಲೆ ಅದೇ ಅರ್ಜಿ ಟಪಾಲಿನಲ್ಲಿ ಮರಳಿತು. ಕೆಳಗೆ 'ಅವಕಾಶವಿಲ್ಲ' ಎಂಬ ಮುದ್ರೆ. ಪಕ್ಕದ ಖಾಲಿ ಜಾಗದಲ್ಲಿ ಹಸಿರು ಶಾಯಿಯ ಕೈಬರಹ. ಮನೆಗೆ ಬಂದ ಕಾಗದವನ್ನೆಲ್ಲ ಗಂಡನಿಗೆ ಓದಿ ಹೇಳುವುದು ನಮ್ಮಲ್ಲಿ ರೂಢಿ. ಮುದ್ರೆಯವರೆಗೆ ಓದಿ ನಿಲ್ಲಿಸಿದೆ.

"ಇನ್ನೂ ಎಂತದೋ ಉಂಟಲ್ಲ. ಓದು ಮಾರಾಯ್ತಿ" ಅಂದರು.

ಏನಿಲ್ಲ ಎಂದೆ. ನನ್ನ ಸ್ವರ ಅವರಿಗೆ ಗೊತ್ತು. ಕಾಗದಕ್ಕೆ ಕೈ ಚಾಚಿದರು. ಓದಲೇಬೇಕಾಯಿತು. 'ಅರ್ಜಿದಾರರ ಪತಿ ಅಂಧರಿರುವಾಗ ಸೈಕಲ್ಲಿನ ಅಗತ್ಯವೇನು?'

ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸವಿರಲಿಲ್ಲ. "ಅವರು ಕೇಳಿದ್ದು ಸರಿಯೇ. ಮಾರಿಬಿಡು" ಎಂದರು. ಒಂಬತ್ತು ಭಾನುವಾರ ಕಳೆದವು. ಅವರು ಮತ್ತೆ ಅದೇ ಕುರ್ಚಿಯಲ್ಲಿದ್ದಾರೆ. ಅಡುಗೆಮನೆಯಿಂದ ಏನು ವಾಸನೆ ಬಂದರೂ ಮಾತಾಡುವುದಿಲ್ಲ. ಆ ಹಸಿರು ಶಾಯಿಯ ಮಹನೀಯರು ಪೆನ್ನಿಗೆ ಮುಚ್ಚಳ ಹಾಕಿ ಚಹಾ ಕುಡಿಯಲು ಹೋಗಿರಬಹುದು.

ನನ್ನ ಬೇಡಿಕೆ ಇಷ್ಟೇ. ಜಪ್ತಿ ಮಾಡಿದ ರ‍್ಯಾಕನ್ನು ಹಿಂತಿರುಗಿಸಿ. ಅದರ ಮೇಲೆ ಯಾವ ಪ್ಲೇಟ್ ಇರಬೇಕು, ಅದನ್ನು ಯಾರು ಕೊಡುತ್ತಾರೆ ಎಂದು ಸಹಿ ಹಾಕಿ ಲಿಖಿತವಾಗಿ ತಿಳಿಸಿ. ಆಗುವುದಿಲ್ಲವಾದರೆ ಯಾವ ನಿಯಮದಡಿ ಆಗುವುದಿಲ್ಲ ಎಂದು ಬರೆಯಿರಿ. ಮತ್ತು ಹಸಿರು ಶಾಯಿಯ ಆ ಪ್ರಶ್ನೆಯನ್ನು ತಮ್ಮ ಕಚೇರಿ ಹಿಂತೆಗೆದುಕೊಂಡಿದೆ ಎಂಬುದೂ ಅದೇ ಕಾಗದದಲ್ಲಿರಲಿ, ನನ್ನ ಹೆಸರಿಗಲ್ಲ, ಮೋಹನದಾಸರ ಹೆಸರಿಗೆ. ನಾನು ಅದನ್ನು ಅವರ ಎದುರು ಕೂತು ಗಟ್ಟಿಯಾಗಿ ಓದುತ್ತೇನೆ. ಈ ಸಲ ಒಂದು ಸಾಲನ್ನೂ ಬಿಡುವುದಿಲ್ಲ.

ಇಂತಿ,
ಹಿಂದೆ ಸವಾರರಿಲ್ಲದೆ ಮುಂದಿನ ಸೀಟಿನಲ್ಲಿ ಉಳಿದಿರುವ
ನಳಿನಾಕ್ಷಿ, ಠಾಕುರ್ಲಿ