ಹೊಳೆಬದಿಯ ಒಂದು ಕೂಗು

ಕೋಡಿಂಬಾಳ, ಕಡಬ
೨೧ ಏಪ್ರಿಲ್ ೨೦೨೫

ಪ್ರೀತಿಯ ನಿಕ್ಕಿಯ ಪಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಕಳೆದ ಸಲ ಕೆಳಗಿನ ಕ್ಯಾಂಪಿಗೆ ಇಳಿದು ಫೋನ್ ಮಾಡಿದಾಗ, ಮೇಲಿನ ಪೋಸ್ಟಿನಲ್ಲಿ ಇನ್ನೂ ಹಿಮ ಕರಗಿಲ್ಲ ಎಂದಿದ್ದಿರಿ. ಆವತ್ತಿನಿಂದ ನನಗೆ ನಿಮ್ಮ ಕಾಲಿನ ಬೆರಳುಗಳದ್ದೇ ಚಿಂತೆ. ಅತ್ತೆ ಕಳಿಸಿದ ಕರಿಮೆಣಸಿನ ಕಷಾಯದ ಪುಡಿಯನ್ನು ನೀವು ಕುಡಿದಿರೋ, ಜೊತೆಯವರಿಗೆ ಹಂಚಿ ಮುಗಿಸಿದಿರೋ, ಅದನ್ನೂ ತಿಳಿಸಿ. ಇಲ್ಲಿ ನಾವೆಲ್ಲ ಕ್ಷೇಮ. ಮುಂದೆ ಬರೆಯುವುದನ್ನು ಓದಿ ಗಾಬರಿಯಾಗಬೇಡಿ. ದಿಶಾಂತ್ ಆರಾಮವಾಗಿದ್ದಾನೆ, ಈಗ ನನ್ನ ಎದುರಿಗೇ ಕೂತು ಮಾವಿನಕಾಯಿಗೆ ಉಪ್ಪು ಮೆಣಸು ಹಚ್ಚಿ ತಿನ್ನುತ್ತಿದ್ದಾನೆ. ಅದನ್ನು ಮೊದಲೇ ಹೇಳಿಬಿಟ್ಟೆ. ಮಿಲಿಟರಿ ಸೇವೆಯನ್ನು ಇನ್ನೂ ಎರಡು ವರ್ಷ ಮುಂದುವರಿಸಲೋ, ಪೆನ್ಷನ್ ತೆಗೆದುಕೊಂಡು ಬಂದುಬಿಡಲೋ ಎಂದು ಕೇಳಿದ್ದಿರಲ್ಲ, ಅದಕ್ಕೂ ಉತ್ತರ ಬರೆಯುತ್ತೇನೆ. ಮೊದಲು ಹೊಳೆಯ ಸುದ್ದಿ ಮುಗಿಯಲಿ.

ಈ ವರ್ಷ ನೀವಿಲ್ಲ, ಹಾಗಾಗಿ ಹೊಳೆಬದಿಯಲ್ಲಿ ಡೇರೆ ಹಾಕುವ ಮಾತೇ ಬೇಡ ಎಂದು ನಾನು ಖಡಾಖಂಡಿತ ಹೇಳಿದ್ದೆ. ಆನೆ ಬಂದ ಸುದ್ದಿ ವಾರಕ್ಕೊಮ್ಮೆ ಕೇಳಿಬರುತ್ತದೆ. ಒಬ್ಬಳೇ ಎರಡು ಮಕ್ಕಳನ್ನು ಕಟ್ಟಿಕೊಂಡು ನಾನೆಲ್ಲಿಗೆ ಹೋಗಲಿ? ಆದರೆ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ದಿನವೇ ನಿಕ್ಕಿ ಅಟ್ಟ ಹತ್ತಿ ನಿಮ್ಮ ಹಸಿರು ಟಾರ್ಪಾಲು ಇಳಿಸಿ, ಜಾಡಿಸಿ, ಬಿಸಿಲಿಗೆ ಹರಡಿದ್ದಳು. ಜೂನಿನಿಂದ ಪುತ್ತೂರಿನಲ್ಲಿ ಕಾಲೇಜು, ಹಾಸ್ಟೆಲು. "ಈ ಸಲ ಹೋಗದಿದ್ರೆ ಇನ್ನು ನನಗೆ ಹೋಗ್ಲಿಕ್ಕೆ ಉಂಟಾ ಅಮ್ಮ?" ಎಂದು ಕೇಳಿದಳು. ಅತ್ತೆಯೂ ಅವಳ ಪಕ್ಷ ಸೇರಿದರು. ಮೊಮ್ಮಕ್ಕಳ ಕಾವಲಿಗೆ ತಾನೂ ಬರುವುದಾಗಿ ಹೇಳಿ, ಅಂಗಳದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ದಿಶಾಂತನ ತಲೆಯ ಮೇಲೆ ಹೊರಿಸಿಯೇ ಬಿಟ್ಟರು. ಬಿಸು ಹಬ್ಬದ ಮರುದಿನ ಕಿಟ್ಟಣ್ಣನ ತೋಟ ದಾಟಿ, ನಾವು ಯಾವಾಗಲೂ ಇಳಿಯುವ ಆ ಹೊಯ್ಗೆ ಮರಳಿನ ದಂಡೆಗೇ ಇಳಿದೆವು.

ನೀವು ನೋಡಬೇಕಿತ್ತು. ಡೇರೆಯ ಹಗ್ಗವನ್ನು ನೀವು ಕಲಿಸಿದ ಹಾಗೆಯೇ ನಿಕ್ಕಿ ಬಿಗಿದಳು; ನಾನು ಕೈಹಾಕಲು ಹೋದರೆ ನನ್ನನ್ನೇ ಗದರಿಸಿ ದೂರ ಕೂರಿಸಿದಳು. ಒಂದು ಕಾಲದಲ್ಲಿ ನಾವು ನಾಲ್ವರೂ ಮಲಗಿದ ಮೇಲೆ ನಿಮ್ಮ ಟ್ರಂಕಿಗೂ ಜಾಗ ಉಳಿಯುತ್ತಿದ್ದ ಡೇರೆ ಅದು. ಈಗ ದಿಶಾಂತ್ ಒಬ್ಬ ಕೈಕಾಲು ಚಾಚಿ ಮಲಗಿದರೂ ತುಂಬಿದ ಹಾಗೆ. ಗೇರುಬೀಜ ಸುಟ್ಟೆವು. ಇಬ್ಬರೂ ಮುಖಕ್ಕೆಲ್ಲ ಮಸಿ ಬಳಿದುಕೊಂಡು, ತುಟಿ ಸುಟ್ಟುಕೊಂಡು, ಸಣ್ಣ ಮಕ್ಕಳ ಹಾಗೆ ಜಗಳವಾಡಿಕೊಂಡು ತಿಂದರು. ನಿಕ್ಕಿ ಇಡೀ ದಿನ ಫೋನ್ ಮುಟ್ಟಲಿಲ್ಲ. ಅಲ್ಲಿ ಸಿಗ್ನಲ್ ಇಲ್ಲ ಎನ್ನುವುದು ಬೇರೆ ಮಾತು. ನನಗೆ ಅಷ್ಟು ಖುಷಿಯಾಗಿತ್ತು. ಖುಷಿಯಾದ ಕೂಡಲೇ ಭಯವೂ ಆಯಿತು, ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

ಹೊತ್ತು ಮುಳುಗುವಾಗ ಅತ್ತೆ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಹಳೆಯ ಪಾಠ ಶುರುಮಾಡಿದರು. ನೀವು ಸಣ್ಣವರಿರುವಾಗ ನಿಮಗೂ ಹೇಳಿದ್ದೇ. "ಕತ್ತಲೆ ಆದ ಮೇಲೆ ಯಾರು ಕರೆದ್ರೂ ಒಂದೇ ಕೂಗಿಗೆ ಓ ಹೇಳ್ಲಿಕ್ಕಿಲ್ಲ ಮಕ್ಳೇ. ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಬೇರೆ ಎಂತದ್ದಾದ್ರೂ ಆದ್ರೆ ಒಂದೇ ಸಲ ಕರೆಯುದು." ನಿಕ್ಕಿ ನಕ್ಕಳು. ದಿಶಾಂತ್ ನಗಲಿಲ್ಲ, ಬಾಯಿ ತೆರೆದು ಕೇಳಿದ. ನಾನೂ ಹುಟ್ಟಿದಲ್ಲಿಂದ ಕೇಳಿದ ಮಾತೇ ತಾನೇ ಎಂದು ಗಂಜಿ ಬೇಯಿಸುತ್ತ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ದಿಶಾಂತ್ ಪಾತ್ರೆ ತೊಳೆಯಲು ಮೇಲಿನ ಬಂಡೆಯ ಆಚೆ ಹೋದ. ಕೂಗಿದರೆ ಕೇಳುವ ದೂರವೇ.

"ಅಮ್ಮಾ" ಎಂದು ಕೇಳಿಸಿತು. ಒಂದೇ ಸಲ. ನಾನು ಸೌಟು ಹಿಡಿದುಕೊಂಡೇ ಎದ್ದೆ. ಅತ್ತೆ "ಇರು" ಎಂದು ನನ್ನ ಕೈ ಹಿಡಿದರು. ನಾನು ನಿಂತೆ. ನೋಡಿ, ನಾನು ನಿಜವಾಗಿಯೂ ನಿಂತೆ. ಬಿ.ಎ. ಓದಿದವಳು, ಹೆತ್ತ ತಾಯಿ, ಎರಡನೆಯ ಕೂಗಿಗೆ ಕಿವಿಗೊಟ್ಟು ನಿಂತೆ. ಹೊಳೆಯ ಸದ್ದು ಬಿಟ್ಟರೆ ಮತ್ತೇನೂ ಕೇಳಲಿಲ್ಲ. ಅಷ್ಟರಲ್ಲಿ ನಿಕ್ಕಿ ನಮ್ಮಿಬ್ಬರ ನಡುವಿನಿಂದಲೇ ನುಗ್ಗಿ, ಗಂಜಿಯ ಪಾತ್ರೆಯನ್ನು ಒದ್ದು ಚೆಲ್ಲಿ, ಚಪ್ಪಲಿ ಕೂಡ ಇಲ್ಲದೆ ಓಡಿದಳು. ನಾನು ಹಿಂದೆ ಓಡಿ ತಲುಪುವಾಗ ಅವಳು ಚೂಡಿದಾರಿನಲ್ಲೇ ಹೊಳೆಯ ಗುಂಡಿಗೆ ಇಳಿದಾಗಿತ್ತು. ಪಾಚಿಯ ಮೇಲೆ ಜಾರಿದ ದಿಶಾಂತನ ಕಾಲು ನೀರಿನಡಿಯ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಅವಳು ಕಂಕುಳಿಗೆ ಕೈಹಾಕಿ ಅವನ ಮುಖವನ್ನು ನೀರಿನಿಂದ ಮೇಲೆ ಎತ್ತಿ ಹಿಡಿದಿದ್ದಳು. ನಾನು ಮುಳುಗಿ ಕಾಲು ಬಿಡಿಸಿದೆ. ದಡಕ್ಕೆ ತಂದ ಮೇಲೆ ಅವಳು ನನ್ನ ಮುಖ ನೋಡಿ ಕೇಳಿದ್ದು ಇಷ್ಟೇ: "ನೀನು ಎಂತ ಅಮ್ಮ, ಕಾಯ್ತಾ ಇದ್ದದ್ದಾ?" ದಿಶಾಂತ್ ಕೆಮ್ಮುತ್ತ, "ಇನ್ನೂ ಎರಡು ಸಲ ಕರೀಬೇಕು ಅಂತ ನೆನಪಿತ್ತು ಅಮ್ಮ, ಬಾಯೊಳಗೆ ನೀರು ಹೋಯ್ತು" ಎಂದ. ಅದನ್ನು ಕೇಳಿದ ಮೇಲೆ ನನಗೆ ಊಟ ನಿದ್ದೆ ಯಾವುದೂ ಸರಿಯಿಲ್ಲ.

ಕಡಬದ ಡಾಕ್ಟರಿಗೆ ತೋರಿಸಿದ್ದೇವೆ. ಮೂಳೆಗೇನೂ ಆಗಿಲ್ಲ, ಉಳುಕು ಮಾತ್ರ, ಬ್ಯಾಂಡೇಜು ಸುತ್ತಿದ್ದಾರೆ. ಅತ್ತೆಯ ಮೇಲೆ ಸಿಟ್ಟು ಮಾಡಬೇಡಿ. ಈಗ ಯಾರು ಕರೆದರೂ ಅವರು ಮೊದಲ ಕೂಗು ಮುಗಿಯುವ ಮೊದಲೇ "ಓ" ಎನ್ನುತ್ತಾರೆ. ನಿನ್ನೆ ಸಂಜೆ ಹಟ್ಟಿಯಲ್ಲಿ ಕರು ಕೂಗಿದ್ದಕ್ಕೂ ಓಗೊಟ್ಟರು. ಮಕ್ಕಳು ನಕ್ಕರು, ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನಿಕ್ಕಿ ನನ್ನೊಡನೆ ಮೊದಲಿನ ಹಾಗೆಯೇ ಇದ್ದಾಳೆ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ, ಬೈದರೆ ತಿರುಗಿ ಬೈಯುತ್ತಾಳೆ. ಆದರೂ ನನಗೆ ಅವಳ ಮುಖ ನೋಡಲು ಒಂಥರಾ ಆಗುತ್ತದೆ. ಅವಳು ನಮಗಿಂತ ಎತ್ತರ ಬೆಳೆದಿದ್ದಾಳೆ, ನೀವು ಅದನ್ನು ಇನ್ನೂ ನೋಡಿಲ್ಲ. ಟಾರ್ಪಾಲು ಒಣಗಿಸಿ ಮಡಚಿ ಮತ್ತೆ ಅಟ್ಟಕ್ಕೆ ಏರಿಸಿದವಳೂ ಅವಳೇ. ಮುಂದಿನ ಸಲ ಪಪ್ಪ ಬಂದರೆ ಬರುತ್ತಾಳಂತೆ. ಇಲ್ಲದಿದ್ದರೆ ಡೇರೆ ದಿಶಾಂತನಿಗಂತೆ.

ನೀರು ಕುದಿಸಿಯೇ ಕುಡಿಯಿರಿ. ಸಾಕ್ಸ್ ಒದ್ದೆಯಾದರೆ ಕೂಡಲೇ ಬದಲಾಯಿಸಿ. ಅತ್ತೆ ನಿಮ್ಮ ಹೆಸರಿನಲ್ಲಿ ದೇವರ ಮುಂದೆ ದೀಪ ಇಟ್ಟಿದ್ದಾರೆ, ಅವರ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ. ಮಕ್ಕಳ ನೆನಪುಗಳು. ಜೊತೆಯವರಿಗೂ ನಮಸ್ಕಾರ ತಿಳಿಸಿ.

ನಿಮ್ಮ,
ಸುಪ್ರಿತಾ

ತಾ.ಕ.: ಕಾಗದ ಅಂಚೆಗೆ ಹಾಕಲು ಪಕ್ಕದ ಮನೆಯ ಶೀನಪ್ಪಣ್ಣ ಸ್ಕೂಟರ್ ಸ್ಟಾರ್ಟ್ ಮಾಡಿ ಅಂಗಳದಲ್ಲಿ ನಿಂತಿದ್ದಾರೆ. ನಿಮ್ಮ ಪ್ರಶ್ನೆಗೆ ಉತ್ತರ ಬರೆಯದೆಯೇ ಮಡಚಿದ್ದೆ, ಮತ್ತೆ ಬಿಚ್ಚಿದೆ. ಫೋನಿನಲ್ಲಿ "ನಿಮ್ಮ ಇಷ್ಟ" ಎಂದಿದ್ದೆನಲ್ಲ, ಅದು ನನ್ನ ಮನಸ್ಸಿನ ಮಾತಲ್ಲ. ಮುಂದುವರಿಸಬೇಡಿ. ನಿಕ್ಕಿ ಹಾಸ್ಟೆಲಿಗೆ ಹೋಗುವ ಮೊದಲು ಬಂದುಬಿಡಿ. ಒಂದೇ ಸಲ ಕರೆಯುತ್ತಿದ್ದೇನೆ, ಮೂರನೆಯದಕ್ಕೆ ಕಾಯಬೇಡಿ.