ವಜ್ರ ಎಷ್ಟು ತಿರುಗಿಸಿದಿರಿ?

ಎಣಿಕೆಮನೆ, ಹಿರಿಯೂರು
ಫೆಬ್ರವರಿ ೩೦, ೨೪೧೭

ಮಾನ್ಯ ತಿಪ್ಪೇರುದ್ರಪ್ಪನವರೇ,

ತಾರೀಖು ನೋಡಿ ನಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಕೊಂಡು, ಮಿಕ್ಕ ದಿನ ರಜೆ ಹಾಕುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ಓದಿ ಕಲಿತವಳು ನಾನು. ಮಾತು ಒರಟೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಹೊನ್ನೂರಮ್ಮ. ಬೆಳಿಗ್ಗೆ ಅಂಬಲಿ ಕುಡಿದು ನಾವು ಹನ್ನೊಂದು ಜನ ಎಣಿಕೆಮನೆಯಲ್ಲಿ ಕೂತು, ನಿಮ್ಮ ಪ್ರಯೋಗಶಾಲೆ ಬಿಟ್ಟುಹೋದ ಮಾಹಿತಿಯನ್ನು ಜಾಲಾಡುತ್ತೇವೆ. ನಿಮ್ಮಲ್ಲಿರುವಂಥ ಯಂತ್ರ ನಡೆಸುವಷ್ಟು ವಿದ್ಯುತ್ತು ನಮ್ಮಲ್ಲಿಲ್ಲ. ಮನೆಗೆ ಎರಡು ದೀಪ, ಅಷ್ಟೇ. ತೆಳು ವಜ್ರಕ್ಕೆ ಎಲೆಕ್ಟ್ರಾನುಗಳನ್ನು ಹೊಡೆದು ನೀವು ಪಡೆಯುವ ಬೆಳಕು ಒಂದೇ ದಿಕ್ಕಿಗೆ ಕಂಪಿಸುತ್ತದೆ; ವಜ್ರ ತಿರುಗಿಸಿದರೆ ಆ ದಿಕ್ಕೂ ತಿರುಗುತ್ತದೆ. ಆ ಬೆಳಕು ಹೈಡ್ರೋಜನ್ನಿಗೆ ಬಡಿದಾಗ ಹುಟ್ಟುವ ಮೆಸಾನು ಎಂಬ ಕಣಗಳಲ್ಲಿ ನಮಗೆ ಬೇಕಾದದ್ದು ವಿಚಿತ್ರವಾದ ಒಂದು. ಅದರಲ್ಲಿ ಕ್ವಾರ್ಕು ಎಂಬ ಎರಡು ಒಳಕಣಗಳ ಜೊತೆಗೆ ಅವನ್ನು ಹಿಡಿದಿಟ್ಟ ಅಂಟೂ ಕುಣಿಯುತ್ತದಂತೆ.

ನಮ್ಮ ಗುರುಗಳು ಮಾಳಿಂಗಮ್ಮ ನಲವತ್ತು ವರ್ಷ ಇದನ್ನೇ ಹುಡುಕಿದ್ದಾರೆ. ಕೊನೆಗೆ ಹದಿನಾರು ದಿನದ ಮಾಹಿತಿಯಲ್ಲಿ ಅದರದೇ ಎನಿಸುವ ಒಂದು ಗುರುತು ಕಂಡಿತು. ಆ ಹದಿನಾರು ದಿನದ ಮೊದಲ ಪುಟದ ಅಂಚಿನಲ್ಲಿ ನಿಮ್ಮ ಕೈಬರಹ: ‘ವಜ್ರ ಒಂಚೂರು ತಿರುಗಿಸಿದೆ.’ ಅಯ್ಯೋ ಪುಣ್ಯಾತ್ಮರೇ! ಕೋನ ಗೊತ್ತಿಲ್ಲದೆ ಅದು ಮೆಸಾನೋ, ಯಂತ್ರದ ಚೇಷ್ಟೆಯೋ ಹೇಳುವುದು ಹೇಗೆ? ಗುರುಗಳು ಬೈದದ್ದನ್ನು ಹಾಗೇ ಬರೆಯುತ್ತೇನೆ: ‘ಒಂಚೂರು ಅಂದ್ರೆ ಎಷ್ಟಪ್ಪಾ? ಉಪ್ಪೇನು ಇದು, ರುಚಿ ನೋಡಿ ಹಾಕಾಕೆ?’

ಅವರಿಗೆ ಎಂಬತ್ತನಾಲ್ಕು. ಕಣ್ಣು ಮಂಜಾಗುತ್ತಿದೆ, ಮಳೆಗಾಲದವರೆಗೆ ದೃಷ್ಟಿ ಉಳಿದರೆ ಹೆಚ್ಚು ಎಂದಿದ್ದಾರೆ ವೈದ್ಯರು. ಉತ್ತರ ತಿಳಿಯದೆ ಅವರಿಗೆ ಕತ್ತಲಾಗುವುದನ್ನು ನಾನು ನೋಡಲಾರೆ.

ಈ ಪತ್ರ ಹೊತ್ತು ತರುವ ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು; ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಗುರುಗಳು ತಮ್ಮದನ್ನು, ಕೆರೆಗೆ ಇಳಿಯಬೇಡ ಎಂದು ತಮ್ಮನಿಗೆ ಬರೆದು ಮುಗಿಸಿದರು. ಅವನೀಗ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾನೆ. ಮದುವೆಗೆ ಮುಂಚಿನ ನನಗೇ ಬುದ್ಧಿ ಹೇಳಲೆಂದು ನನ್ನದನ್ನು ಇಟ್ಟುಕೊಂಡಿದ್ದೆ. ಹೋಗಲಿ ಬಿಡಿ, ಆ ಮಹರಾಯನ ಜೊತೆ ಹೇಗೋ ಏಗಿದ್ದಾಯಿತು.

ಬರುವ ಗುರುವಾರ ಬೆಳಿಗ್ಗೆ ನೀವು ವಜ್ರ ತಿರುಗಿಸುತ್ತೀರಿ. ಆ ಪುಟದ ಅಂಚಿನಲ್ಲೇ ಕೋನ ಬರೆಯಿರಿ. ಅಂಕಿಯಲ್ಲಿ ಬರೆಯಿರಿ. ಆ ಮೆಸಾನು ಇಲ್ಲವೆಂದೇ ಆದರೂ ಸರಿ, ಗುರುಗಳು ಅದನ್ನೂ ತಾಳಿಕೊಳ್ಳುತ್ತಾರೆ.

ಇದನ್ನು ಕಳಿಸಿದ ಕೂಡಲೇ ನಾನು ನಿಮ್ಮ ಆ ಪುಟ ತೆರೆಯುತ್ತೇನೆ. ಮಾಳಿಂಗಮ್ಮನವರು ಕನ್ನಡಕ ಒರೆಸಿಕೊಂಡು ಪಕ್ಕದಲ್ಲೇ ಕೂತಿದ್ದಾರೆ.

ಇಂತಿ,
ಹೊನ್ನೂರಮ್ಮ