ಹದಿನಾಲ್ಕನೇ ಗುರುತು

ಅಕ್ಕಾ,

ಭಾವನ ನೀರಿನ ಬಾಟಲಿ ಇನ್ನೂ ನಮ್ಮ ವ್ಯಾನಿನಲ್ಲೇ ಇದೆ. ತಂದುಕೊಡಲು ಧೈರ್ಯ ಸಾಲದು.

ರಸ್ತೆ ಪರೀಕ್ಷಿಸಲು ಯಂತ್ರದಿಂದ ಅದರ ಮೇಲೆ ಭಾರ ಬೀಳಿಸುವುದು ಭಾವನ ಕೆಲಸ, ಅಡಿಯ ಮಣ್ಣು ಎಷ್ಟು ಗಟ್ಟಿಯೆಂದು ಲೆಕ್ಕ ಹಾಕುವುದು ನನ್ನದು. ಅಳತೆಗೆಂದು ರಸ್ತೆಯುದ್ದಕ್ಕೂ ಹಾಕಿದ್ದ ಗುರುತುಗಳಲ್ಲಿ ಹದಿನಾಲ್ಕನೆಯದರ ಬಳಿ ಅವರು, "ಸದ್ದೇ ಬೇರೆ ಕಣೋ, ಕೆಳಗೆ ಟೊಳ್ಳಿದೆ" ಎಂದಿದ್ದರು. ಅಲ್ಲಿ ಯಂತ್ರ ತೋರಿಸಿದ ಅಂಕಿ ಕಂಪ್ಯೂಟರಿನ ಲೆಕ್ಕಕ್ಕೆ ಹೊಂದಲಿಲ್ಲ. ಯಂತ್ರದ ದೋಷವೆಂದು ಅಳಿಸಿ, ಅಕ್ಕಪಕ್ಕದ ಗುರುತುಗಳ ಸರಾಸರಿ ತುಂಬಿಸಿದೆ. ಮೂರೇ ವಾರಕ್ಕೆ ಅಲ್ಲಿ ರಸ್ತೆ ಕುಸಿದು, ಸ್ಕೂಟರ್ ಸಮೇತ ಭಾವ ಹೋದರು.

ಗುಂಡಿ ಮುಚ್ಚಿದ್ದಾರೆ. ನಿನ್ನೆ ಮತ್ತೆ ಅಳೆದೆ, ಅಂಕಿ ಚೆನ್ನಾಗಿದೆ. ಆದರೆ ಪ್ರತಿಸಲ ಭಾರ ಬಿದ್ದಾಗಲೂ ಕೆಳಗಿನಿಂದ ಯಾರೋ ತಿರುಗಿ ತಟ್ಟಿದಂತೆ ಕೇಳಿಸಿತು.

ಮಗಳನ್ನು ಆ ದಾರಿಯಲ್ಲಿ ಶಾಲೆಗೆ ಕಳಿಸಬೇಡ. ಯಾರಾದರೂ ನನ್ನ ವರದಿ ತೋರಿಸಿದರೆ ನಂಬಬೇಡ. ಭಾವ ತಮ್ಮ ಕಿವಿಯನ್ನೇ ಬಿಟ್ಟು ನಂಬಿದ್ದು ಅದನ್ನೇ.

ನಿನ್ನ ತಮ್ಮ